ಮೊಳೆಯ ತುಕ್ಕು

ತೇವಾರಂ
೧೨-೩-೧೯೬೬

ತಮ್ಮ ತಂಗವೇಲ್‌ಗೆ ಅಕ್ಕ ಪೊನ್ನುತಾಯಿ ಹರಸಿ ಬರೆಯುವುದು.

ದಿಂಡಿಗಲ್ ಕಾಲೇಜಿನಿಂದ ನೀನು ಬರೆದ ಕಾಗದ ಬಂತು. ತೋಟದ ಮದ್ದಿನಿಂದ ಬಾವಿಗೆ ಸೇರಿದ ಪಾಷಾಣವನ್ನು ಹಿಡಿಯಲು ನೀರು ಸೋಸುವ ಕಬ್ಬಿಣದ ಮೊಳೆಯ ಮಡಕೆ, ಇದ್ದಿಲ ಮಡಕೆ ಅಂತ ನೀನು ಐದು ಮನೆಗೆ ಇಟ್ಟುಕೊಟ್ಟೆ. ನಾಲ್ಕು ಮನೆಯ ನೀರು ಶುದ್ಧವಾಗಿದೆ, ನಮ್ಮದರಲ್ಲಿ ಮಾತ್ರ ವಿಷ ಹಾಗೇ ಇದೆ, ಯಾಕೆ ಅಂತ ಕೇಳಿದ್ದೀಯ.

ಆ ವಿಷದಿಂದ ನಿನ್ನ ಭಾವನ ಅಂಗೈಯಲ್ಲಿ ಎದ್ದ ಕರಿಚುಕ್ಕೆ ಹೆಚ್ಚಾದಾಗ ಎಲ್ಲರೂ ಸೊಸೆ ಆಂಡಾಳನ್ನೇ ಬೈದರು. ಸೋಮಾರಿ, ಸೋಸದೆ ಬಾವಿ ನೀರನ್ನೇ ತಂದು ಕುಡಿಸಿದ್ದಾಳೆ ಅಂದರು. ನಾನೂ ಅಂದೆ. ಅವಳು ಪೆರಿಯಕುಳಂನ ತವರಿಗೆ ಹೋಗಿ ಹನ್ನೆರಡು ದಿನವಾಯಿತು.

ಪಾಷಾಣವನ್ನು ಹಿಡಿಯುವುದೇ ಮೊಳೆಯ ತುಕ್ಕು ಅಂತ ನಿನ್ನ ಕಾಗದದಲ್ಲಿ ಬರೆದಿದ್ದೀಯ. ಗುರುವಾರ ಗುರುವಾರ ದೀಪ, ಚೊಂಬು ಬೆಳಗುವಾಗ ಆ ಮೊಳೆಗಳನ್ನೂ ತೆಗೆದು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದವಳು ನಾನು. ಬಂದವರಿಗೆ ತುಕ್ಕು ನೀರು ಕೊಡುವ ಮನೆ ಅನ್ನಿಸಿಕೊಳ್ಳಬಾರದು ಅಂತ. "ತಂಗವೇಲ್ ಮಾವ ಇಟ್ಟಿದ್ದನ್ನು ಮುಟ್ಟಬೇಡಿ ಅತ್ತೆ" ಅಂತ ಆಂಡಾಳ್ ಹೇಳಿದ್ದಳು. ನಿನಗೇನು ಗೊತ್ತು ಅಂತ ಗದರಿದೆ.

ಊರಿಗೆ ಬರುವಾಗ ಪೆರಿಯಕುಳಂನಲ್ಲಿ ಬಸ್ಸಿಳಿ. ಅವಳ ಅಪ್ಪ ಅಮ್ಮನ ಮುಂದೆ ನನ್ನ ಈ ಕಾಗದವನ್ನು ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ. ಬಾ ಅಂತ ಬಲವಂತ ಮಾಡಬೇಡ.

ಮೊನ್ನೆ ಗುರುವಾರ ದೀಪ, ಚೊಂಬು ಮಾತ್ರ ಬೆಳಗಿದೆ. ಮೊಳೆಗಳು ಕೆಂಪಗಾಗುತ್ತಿವೆ ಅಂತ ಅವಳಿಗೆ ಹೇಳು.

ನಿನ್ನ ಅಕ್ಕ
ಪೊನ್ನುತಾಯಿ