ಉಪನ್ಯಾಸ ಮೊದಲು, ತೊಟ್ಟಿಲು ಆಮೇಲೆ

ಲಿಂಗಸುಗೂರು
೭ ಫೆಬ್ರುವರಿ ೧೯೫೪

ಚಿರಂಜೀವಿ ಪಂಪಮ್ಮನಿಗೆ ನಿನ್ನ ತಂದೆಯ ಆಶೀರ್ವಾದಗಳು.

ಉತ್ತರ ತಡವಾಯಿತು, ಕ್ಷಮಿಸು. ನಿನ್ನ ವಾದವನ್ನು ಖಂಡಿಸಲೆಂದು ಕುಳಿತವನು ಖಂಡನೆ ಸಿಗದೆ ಅಂಗಳದಲ್ಲಿ ಶತಪಥ ತಿರುಗುತ್ತಿದ್ದೆ. "ಮಗಳಿಗೆ ಪತ್ರ ಬರಿಯಾಕತ್ತೀರೋ, ಕೋರ್ಟಿಗೆ ಅರ್ಜಿ ಬರಿಯಾಕತ್ತೀರೋ?" ಎಂದು ನಿನ್ನ ತಾಯಿ ಮೂದಲಿಸಿದಳು.

ನಾನು ಗ್ರಹಿಸಿದ್ದು ಇಷ್ಟು. ಅಣುವಿನೊಳಗಿನ ಕಣವನ್ನು ಮೊದಲು ಅದರ ಸ್ಥಾನ ಕೇಳಿ, ಆಮೇಲೆ ರಭಸ ಕೇಳಿದರೆ ಒಂದು ಫಲ; ಕ್ರಮ ತಿರುಗಿಸಿದರೆ ಬೇರೊಂದು. ಎರಡನ್ನೂ ಒಂದೇ ನಕಾಶೆಯಲ್ಲಿ ಬರೆಯಲು ಎರಡು ಕ್ರಮಗಳಿಗೂ ಸಮಪಾಲು ಕೊಡುವ ನಿಯಮವೊಂದನ್ನು ನೀನು ಹಿಡಿದಿದ್ದೀ. ಆ ನಕಾಶೆಯಲ್ಲಿ ಕೆಲವೆಡೆ ಸಂಭವನೀಯತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದಕ್ಕೆ ನಿಮ್ಮ ಪ್ರೊಫೆಸರರು ನಕ್ಕರು.

ನಗಲಿ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತ ಪಾಠವೊಂದಿದೆ: ಹೊರಲಾರದ ವಾದವನ್ನು ಎತ್ತಿಕೊಳ್ಳಬಾರದು. ಆ ಸಂಖ್ಯೆಯನ್ನು ಸಂಭವನೀಯತೆಯೆಂದು ಕರೆಯಲೇ ಬೇಡ. ಕಣ ಇದೇ ಸ್ಥಾನದಲ್ಲಿ ಇದೇ ರಭಸದಲ್ಲಿ ಸಿಕ್ಕೀತೇ ಎಂದು ಯಾವ ಪ್ರಯೋಗವೂ ಒಟ್ಟಿಗೆ ಕೇಳಲಾರದು. ರಭಸಗಳನ್ನೆಲ್ಲ ಕೂಡಿಸಿದರೆ ಸ್ಥಾನದ ನಿಜವಾದ ಸಂಭವ ಬರುತ್ತದೆ. ಸ್ಥಾನಗಳನ್ನೆಲ್ಲ ಕೂಡಿಸಿದರೆ ರಭಸದ್ದು. ಅಲ್ಲಿ ಎಲ್ಲಿಯೂ ಸೊನ್ನೆಗಿಂತ ಕಡಿಮೆಯಿಲ್ಲ. ಇಷ್ಟನ್ನು ವಿನಯದಿಂದ ಹೇಳಿ ಕುಳಿತುಕೋ. ಎದುರಾಳಿ ನಗುತ್ತಿರುವಾಗ ದನಿ ಏರಿಸಬೇಡ.

ಮನೆಯ ಸುದ್ದಿ. ಸಿಂಧನೂರಿನ ಕಾಲುವೆ ಕೆಲಸದಲ್ಲಿದ್ದಾಗ ಜ್ವರದಿಂದ ನಿನ್ನ ಅಣ್ಣ ತೀರಿಕೊಂಡ ಮೇಲೆ ಹುಟ್ಟಿದ ಕೂಸು ಮಸ್ಕಿಯ ತವರಿನಲ್ಲಿ ಚೆನ್ನಾಗಿ ಬೆಳೆಯುತ್ತಿದೆ. ಗಂಡು ಕೂಸು, ನಿನ್ನ ಅಣ್ಣನದೇ ಹಣೆ. ನಿನ್ನ ಅತ್ತಿಗೆ ವೀರಭದ್ರಮ್ಮನೂ ಕ್ಷೇಮ. ತೊಟ್ಟಿಲ ಕಾರ್ಯವನ್ನು ಬೀಗರು ನಿನ್ನ ಉಪನ್ಯಾಸದ ಸೋಮವಾರಕ್ಕೇ ಗೊತ್ತುಮಾಡಿದ್ದರು. ನಾನು ಹೋಗಿ ಮುಂದೂಡಿಸಿದೆ.

"ಸೋದರತ್ತಿ ಲೆಕ್ಕ ಮಾಡ್ಕೋತ ಕುಂತ್ರ ಕೂಸು ತಾನ ಹೆಸರಿಟ್ಕೋಬೇಕಾಗ್ತೈತಿ ನೋಡ್ರಿ," ಎಂದು ಬೀಗತಿ ರೇಗಿದಳು. "ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಾಕ ಓಣ್ಯಾಗ ಬ್ಯಾರೆ ಹೆಣ್ಮಕ್ಕಳಿಲ್ಲೇನು?"

"ಅದಾರ್ರಿ. ಆದ್ರ ಹೆಸರು ಹೇಳೂ ಮುಂದ ಬೆನ್ನಿಗೆ ಗುದ್ದು ತಿನ್ನಾಕ ನಮ್ಮ ಪಂಪಮ್ಮನ ಬರಬೇಕ್ರಿ," ಎಂದೆ. ಹೆಂಗಸರು ನಕ್ಕರು. ವೀರಭದ್ರಮ್ಮ ನಗಲಿಲ್ಲ.

"ಯಾವಾಗರ ಇಡ್ರಿ, ಮಾವಾರ. ಹೆಸರು ಮಾತ್ರ ಅವರದ, ಸೂಗಪ್ಪ ಅಂತಲೇ ಇಡಬೇಕು," ಎಂದಳು.

ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಉಪನ್ಯಾಸ ಮುಗಿಸಿ ಬಾ. ಶಿವನು ನಿನ್ನ ಬುದ್ಧಿಯನ್ನೂ ಅದಕ್ಕಿಂತ ಹೆಚ್ಚಾಗಿ ನಿನ್ನ ಆರೋಗ್ಯವನ್ನೂ ಕಾಯಲಿ.

ನಿನ್ನ ತಂದೆ,
ಕರಿಬಸಪ್ಪ

ತಾ. ಕ.: ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರು, ಆಮೇಲೆ ಯಾರೂ ಅದನ್ನು ತಿದ್ದಲಾರರು. ಆದ್ದರಿಂದ ನಿನ್ನನ್ನೇ ಬೇಡಿಕೊಳ್ಳುತ್ತೇನೆ: ಆ ಹೆಸರು ಬೇಡ. ನ್ಯಾಯ ವೀರಭದ್ರಮ್ಮನ ಕಡೆಗಿದೆ. ನನ್ನ ಬಳಿ ವಾದವಿಲ್ಲ. ಮೊನ್ನೆ ಓಣಿಯಲ್ಲಿ ಯಾರೋ ಯಾರನ್ನೋ ಸೂಗಪ್ಪ ಎಂದು ಕೂಗಿದರು. ನಾನು ಎದ್ದು ಹೋಗಿ ಬಾಗಿಲ ಚಿಲಕ ತೆಗೆದೆ.