ಪುಸ್ತಕದಲ್ಲಿ ಓದಿದ್ದಷ್ಟೇ

ಸೆಪ್ಟೆಂಬರ್ ೧೪, ಭಾನುವಾರ

ನಾನಿವತ್ತು ಕೊಟ್ಟ ಒಂದು ಉತ್ತರ ಸುಳ್ಳಾಗಿತ್ತು.

ನನ್ನ ಮುನ್ನುಡಿಯೊಂದಿಗೆ ಮರುಮುದ್ರಣವಾದ ಹಳೆಯ ಕಾದಂಬರಿ ಇಲ್ಲಿಯ ನುಂಗಂಬಾಕ್ಕಂ ಬಡಾವಣೆಯಲ್ಲಿ ಬಿಡುಗಡೆಯಾಯಿತು. ಎಂಜಲು ಪಾತ್ರೆ ತೊಳೆದು ಬದುಕುವ ಅನಾಥ ಹುಡುಗನೊಬ್ಬನ ಕಥೆ, ನೂರು ವರ್ಷ ಹಿಂದಿನದು. ಸಭೆಯಲ್ಲಿ ಒಬ್ಬರು, "ಇಂಥ ಬಡತನ ಹತ್ತಿರದಿಂದ ನೋಡಿದ್ದೀರಾ ಮೇಡಂ?" ಎಂದು ಕೇಳಿದರು.

"ಇಲ್ಲ, ಪುಸ್ತಕದಲ್ಲಿ ಓದಿದ್ದಷ್ಟೇ" ಎಂದೆ.

ಮುಂದಿನ ಸಾಲಿನಲ್ಲೇ ಅಪ್ಪ ಕೂತಿದ್ದರು. ಒಂಬತ್ತನೇ ವಯಸ್ಸಿಗೆ ಕುಂದಾಪುರದಿಂದ ಬಂದು, ಇದೇ ಊರಿನ ಹೋಟೆಲಿನಲ್ಲಿ ತಟ್ಟೆ ತೊಳೆದವರು. ಅವರ ಪಕ್ಕದಲ್ಲಿ ನನ್ನ ಗಂಡನ ಮನೆಯವರಿದ್ದರು. ಅವರಿಗೆ ಇದು ತಿಳಿಯದಿರಲಿ ಎಂದು ಹಾಗೆ ಹೇಳಿಬಿಟ್ಟೆ.

ಆಟೋದಲ್ಲಿ ಅಪ್ಪ, "ಚಂದ ಮಾತಾಡ್ದೆ ಮಗಾ" ಎಂದರು. ಪೋರೂರಿನ ನಮ್ಮ ಮನೆ ಬರುವವರೆಗೂ ನಾನು ತಲೆ ಎತ್ತಲಿಲ್ಲ.

ಮನೆಗೆ ಬಂದವರೇ ಪುಸ್ತಕ ಬಿಡಿಸಿ ಕೂತರು. ಊಟಕ್ಕೆ ಕರೆಯಲು ಹೋದಾಗ, "ಎಲ್ಲ ಸಮ ಬರ್ದಿದ್ರ್. ಬೂದಿಗೆ ಬೆರಳ್ ಒಡೀತಿತ್ತ್, ಅದೊಂದ್ ಬಿಟ್ಟಿದ್ರ್ ಕಾಣ್" ಎಂದರು.

"ಅಪ್ಪಾ, ಸಭೆಯಲ್ಲಿ ನಾನು..."

"ಇರ್ಲಿ ಮಗಾ, ಉಂಬ ಬಾ."

ಪಾತ್ರೆ ಉಜ್ಜುವ ಬೂದಿಗೆ ಬೆರಳು ಒಡೆಯುತ್ತಿದ್ದ ಸಂಗತಿ ಈ ನಲವತ್ತೆರಡು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಕಾದಂಬರಿಯ ಹುಡುಗನಿಗಾಗಿ ಹದಿನಾಲ್ಕು ಪುಟ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಅಪ್ಪನ ಹತ್ತಿರ ಕೂತು ಮೊದಲು ಕ್ಷಮೆ ಕೇಳಬೇಕು, ಆಮೇಲೆ ಆ ಹೋಟೆಲಿನ ದಿನಗಳನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.