ಹಿತ್ತಲ ಬಾಗಿಲ ಹೊಸ್ತಿಲು

ಧಾರವಾಡ, ಮಳೆತಿಂಗಳ ನಲವತ್ತನೆಯ ದಿನ, ೨೨೯೧

ಸೋದರಿ ಕೂಟದ ಅಧ್ಯಕ್ಷೆ ವಾರಿಜಾಬಾಯಿಯವರಿಗೆ ನಮಸ್ಕಾರ.

ನಮ್ಮ ತಿಂಗಳು ನಿಮಗೆ ಉದ್ದವೆನಿಸೀತು, ಮಾತು ವಿಚಿತ್ರವೆನಿಸೀತು, ಮನ್ನಿಸಿ. ಈ ಕಾಗದ ಕಾಲ ದಾಟಿ ಹಿಂದಕ್ಕೆ ಬರುತ್ತಿದೆ; ನಿಮ್ಮ ಕಾಲದ ನುಡಿಯನ್ನು ಹಳಗನ್ನಡವೆಂದು ಕಲಿತವಳು ನಾನು. ಹೆಸರು ತುಂಗವ್ವ, ನಿಮ್ಮ ಕೂಟದ ಮನೆಯನ್ನು ಈಗ ಕಾಯುವವಳು.

ನಮ್ಮ ಮನೆಗಳಿಗೆ ಬಾಗಿಲಿಲ್ಲ. ಗೋಡೆಯೇ ಗುರುತು ಹಿಡಿದು ಸರಿಯುತ್ತದೆ, ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಅತ್ತೆಯ ಮೇಲೆ ಸಿಟ್ಟು ಬಂದರೂ ಬಾಗಿಲು ಬಡಿಯುವ ಸುಖವಿಲ್ಲ. ಅದಕ್ಕೇ ಊರಿನ ಹೆಣ್ಣುಮಕ್ಕಳು ಓದು ಶುರುಮಾಡುವಾಗ ಅವರನ್ನು ಇಲ್ಲಿಗೆ ಕರೆತಂದು, ನೀವು ಜೋಪಾನ ಮಾಡಿದ ತೇಗದ ಮುಂಬಾಗಿಲಿಗೆ ಅರಿಸಿನ ಹಚ್ಚಿಸಿ, ಹೊಸ್ತಿಲು ದಾಟಿಸುತ್ತೇವೆ. ಅಕ್ಷರ ಕಲಿಯಲು ನಮ್ಮ ಮೊದಲ ಹೆಂಗಸರು ಇಲ್ಲಿಂದಲೇ ಒಳಗೆ ಬಂದರು ಎಂದು ಹೇಳಿಕೊಡುತ್ತೇವೆ. ನಾನೂ ದಾಟಿದವಳೇ, ಮಗಳನ್ನೂ ದಾಟಿಸಿದ್ದೇನೆ.

ಇವತ್ತು ಅಡುಗೆಮನೆಯ ಗೋಡೆಗೆ ಗೋಡೆಗಿವಿ ಇಟ್ಟೆವು. ಗೋಡೆಯೊಳಗೆ ಏನಿದೆಯೆಂದು ಕೇಳಿ ಹೇಳುವ ಯಂತ್ರವದು. ಒಳಗೆ ಬಾಗಿಲಿದೆ ಎಂದಿತು. ಗಾರೆ ಬಿಡಿಸಿದರೆ ಹಿತ್ತಲ ಬಾಗಿಲಿನ ಚೌಕಟ್ಟು. ಅದರ ಕಲ್ಲಿನ ಹೊಸ್ತಿಲನ್ನು ಒಡೆದು ಆ ಚೂರುಗಳನ್ನೇ ಚೌಕಟ್ಟಿನೊಳಗೆ ತುಂಬಿದ್ದಾರೆ. ಚೂರು ಜೋಡಿಸಿದೆವು. ನಟ್ಟನಡುವೆ ಬರಿಗಾಲು ತುಳಿದು ತುಳಿದು ಬಿದ್ದ ತಗ್ಗು, ಸಂದಿಯಲ್ಲಿ ಬಳಪದ ತುಣುಕುಗಳು. ಮುಂಬಾಗಿಲಿನ ಹೊಸ್ತಿಲೋ, ನೀವೇ ನೋಡಿದ್ದೀರಿ, ಗಂಡಸರ ಜೋಡಿನ ಮೊಳೆಗೀರು ಬಿಟ್ಟರೆ ಬರಿಗಾಲಿನ ತಗ್ಗೇ ಇಲ್ಲ. ಪಡಸಾಲೆಯಲ್ಲಿ ಗಂಡಸರು ಕೂತಿರುವಾಗ ಆ ಹೆಂಗಸರು ಬಟ್ಟಲು ಹಿಡಿದು, ಸಾಸಿವೆ ಕಡ ಕೇಳುವ ನೆಪ ಮಾಡಿ, ಬಟ್ಟಲಲ್ಲಿ ಬಳಪ ಇಟ್ಟುಕೊಂಡು ಹಿತ್ತಲಿಂದ ನುಸುಳಿರಬೇಕು.

ಮಗಳು ಕಲ್ಲನ್ನೇ ನೋಡುತ್ತ ಮೆಲ್ಲಗೆ ಅಂದಳು: "ಯವ್ವಾ, ಇಷ್ಟು ದಿನಾ ನಾವು ಗಂಡಸರ ಬಾಗಲಕ್ಕ ಪೂಜಿ ಮಾಡೇವಲ್ಲ."

ನಾನು ಆ ಕಲ್ಲಿನ ಪಕ್ಕದಲ್ಲೇ ಕೂತು ಈ ಕಾಗದ ಶುರುಮಾಡಿದೆ.

ಆ ಬಾಗಿಲು ಮುಚ್ಚಿಸಿದ ಗೌಂಡಿಯ ಕೂಲಿ, ತಾರೀಖಿನ ಸಮೇತ, ನಿಮ್ಮ ಕೂಟದ ಲೆಕ್ಕದ ಪುಸ್ತಕದಲ್ಲಿದೆ. ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಈ ಮನೆ ಬೀಳದಂತೆ ಉಳಿಸಲು ನೀವು ಎಷ್ಟು ಓಡಾಡಿದಿರೆಂಬುದೂ ಗೊತ್ತು. ಆದರೆ ಹಿಂಬಾಗಿಲಿನಿಂದ ಬಂದವರು ಎಂಬ ಮಾತು ನಮ್ಮ ಹಿರಿಯರಿಗೆ ಅಂಟಬಾರದೆಂದು ನಾಚಿದಿರೋ, ಸವೆದ ಕಲ್ಲು ಕೆಟ್ಟ ಕಲ್ಲೆಂದುಕೊಂಡಿರೋ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿಮಗೆ ಹಿತ್ತಲ ಬಾಗಿಲು ಬಾಗಿಲೇ ಆಗಲಿಲ್ಲ.

ಆ ತಾರೀಖಿನ ಹಿಂದಿನ ದಿನಕ್ಕೇ ಕಳಿಸುತ್ತಿದ್ದೇನೆ; ಈ ಕಾಗದ ನಿಮ್ಮ ಕೈ ಸೇರುವಾಗ ಆ ಕಲ್ಲು ಇನ್ನೂ ಇಡಿಯಾಗಿರುತ್ತದೆ. ನಾಳೆ ಗೌಂಡಿ ಸುತ್ತಿಗೆ ಹಿಡಿದು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ. ಆಮೇಲೆ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋಗಿ, ಆ ಬಾಗಿಲಿನಿಂದ ಒಳಗೆ ಬನ್ನಿ. ಕಾಲು ಎಲ್ಲಿಡಬೇಕೆಂದು ಕಲ್ಲೇ ಹೇಳುತ್ತದೆ.